ಕೈಯಲ್ಲಿ ದುಡ್ಡು ಕಮ್ಮಿ ಇದ್ದಾಗ ಕೌದಿ: ಸಾಮಾನು ಹೊಂದಿಸುವುದು, ಹಂಚಿಕೊಳ್ಳುವುದು ಹೇಗೆ?

"ಅಕ್ಕಾ, ಕೌದಿ ಹೊಲಿಯೋಕೆ ಶುರು ಮಾಡಬೇಕು, ಸಾಮಾನಿಗೆ ಎಷ್ಟಾಗುತ್ತೆ?" ಈ ಪ್ರಶ್ನೆ ಕೇಳುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಚೀಟಿ ಇರುತ್ತದೆ. ವಿಡಿಯೋ ನೋಡಿ ಬರೆದುಕೊಂಡದ್ದು: ರೋಟರಿ ಕಟರ್ (ಬಟ್ಟೆ ಕತ್ತರಿಸುವ, ಚಕ್ರದಂತೆ ಉರುಳುವ ಬ್ಲೇಡು), ಅದರ ಕೆಳಗೆ ಹಾಸುವ ಮ್ಯಾಟ್, ಅಳತೆಯ ಫೈಬರ್ ಪಟ್ಟಿ, ಬ್ಯಾಟಿಂಗ್, ಒಂದಕ್ಕೊಂದು ಹೊಂದುವ ಬಣ್ಣದ ಹೊಸ ಬಟ್ಟೆ. ಎಲ್ಲ ಕೂಡಿಸಿದರೆ ಅಂಗಡಿಯ ಒಳ್ಳೆ ಕಂಬಳಿಗಿಂತ ಜಾಸ್ತಿಯಾಗುತ್ತದೆ. ಹಾಗಾದರೆ ಕಂಬಳಿಯನ್ನೇ ತರಬಹುದಲ್ವಾ?

ಆ ಚೀಟಿಯನ್ನು ಮಡಚಿ ಪಕ್ಕಕ್ಕಿಡಿ. ಅದು ಹೊಸ ಬಟ್ಟೆ ಕೊಂಡು, ಕತ್ತರಿಸಿ, ಮತ್ತೆ ಜೋಡಿಸುವ ಕ್ವಿಲ್ಟ್‌ನ ಪಟ್ಟಿ. ಬ್ಯಾಟಿಂಗ್ ಅಂದರೆ ಮೇಲಿನ ಮತ್ತು ಕೆಳಗಿನ ಬಟ್ಟೆಯ ನಡುವೆ ಇಡುವ ಹತ್ತಿ ಅಥವಾ ಪಾಲಿಯೆಸ್ಟರಿನ ದಪ್ಪ ಹಾಳೆ. ನಮ್ಮ ಕೌದಿಗೆ ಅದು ಬೇಕಿಲ್ಲ. ಇಲ್ಲಿ ಹಳೇ ಬಟ್ಟೆಯ ಪದರಗಳೇ ದಪ್ಪ ಕೊಡುತ್ತವೆ. ಧಾರವಾಡ, ಗದಗ, ಬಾಗಲಕೋಟೆ ಕಡೆಯ ಕೌದಿ ಇರಲಿ, ಹಳಿಯಾಳ, ಯಲ್ಲಾಪುರ, ಮುಂಡಗೋಡದ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕವಂದಿ ಇರಲಿ, ಗಡಿಯಾಚೆ ಮರಾಠಿಯವರ ಗೋಧಡಿ ಇರಲಿ, ಎಲ್ಲವೂ ಸವೆದ ಸೀರೆ, ಹರಿದ ಧೋತರದಿಂದ ಆದವು.

ಹಾಗಾಗಿ ನನ್ನ ಲೆಕ್ಕ ಇಷ್ಟು: ಬಟ್ಟೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಇದ್ದ ದುಡ್ಡನ್ನು ದಾರಕ್ಕೆ ಹಾಕಿ. ಮಿಕ್ಕಿದ್ದನ್ನು ನಾಲ್ಕು ಜನ ಸೇರಿ ಹಂಚಿಕೊಳ್ಳಿ.

1. ಬಟ್ಟೆ ಹುಡುಕುವ ಮೊದಲು ಅಳತೆ ಬರೆದುಕೊಳ್ಳಿ

ಇದನ್ನು ಬಿಟ್ಟು ಶುರು ಮಾಡಿದವರ ಮನೆಯಲ್ಲಿ ಅರ್ಧ ಕೌದಿ, ಎರಡು ಮೂಟೆ ಚಿಂದಿ ಕೂತಿರುತ್ತವೆ. ಒಬ್ಬರು ಹೊದೆಯುವ ಕೌದಿಗೆ 5 ಅಡಿ ಅಗಲ, 7 ಅಡಿ ಉದ್ದ ಸಾಕು. ಈಗ ಸೀರೆಯ ಲೆಕ್ಕ ನೋಡಿ. ಸಾಮಾನ್ಯ ಸೀರೆ ಸುಮಾರು ಐದೂವರೆ ಮೀಟರ್ ಉದ್ದ, 45 ಇಂಚು ಅಗಲ ಇರುತ್ತದೆ. ಅದರಿಂದ 1.6 ಮೀಟರಿನ ಮೂರು ತುಂಡು ತೆಗೆಯಿರಿ. ಎರಡು ತುಂಡನ್ನು ಉದ್ದದ ಅಂಚಿಗೆ ಅಂಚು ಕೂಡಿಸಿ ಹೊಲಿದರೆ ಸುಮಾರು 5 ಅಡಿ 3 ಇಂಚು ಅಗಲ, 7 ಅಡಿ 5 ಇಂಚು ಉದ್ದದ ಒಂದು ಪದರ ಸಿಗುತ್ತದೆ. ಅಂಚು ಮಡಚಲು, ಒಗೆದಾಗ ಕುಗ್ಗಲು ಆ ಹೆಚ್ಚುವರಿ ಇಂಚುಗಳು ಬೇಕು. ಅಂದರೆ ಎರಡು ಸೀರೆಗೆ ಮೂರು ಪದರ. ಪ್ರತಿ ಸೀರೆಯಲ್ಲಿ ಮುಕ್ಕಾಲು ಮೀಟರಿನಷ್ಟು ಉಳಿಯುತ್ತದೆ. ಅದು ಕೌದಿಯ ಮೇಲೆ ಹೊಲಿಯುವ ಬಣ್ಣದ ತುಣುಕುಗಳಿಗೆ ಬರುತ್ತದೆ.

ಎಷ್ಟು ಪದರ ಬೇಕು? ನಿಮ್ಮ ಊರನ್ನು ನೋಡಿ. ವಿಜಯಪುರದ ಬಿಸಿಲಲ್ಲಿ ಐದು ಪದರದ ಕೌದಿ ಒಂದೇ ದಿನಕ್ಕೆ ಒಣಗಬಹುದು. ತೀರ್ಥಹಳ್ಳಿಯ ಆಷಾಢದಲ್ಲಿ ಅದೇ ಕೌದಿ ವಾರವಾದರೂ ಮುಗ್ಗಲು ವಾಸನೆ ಬಿಡುವುದಿಲ್ಲ. ಮಲೆನಾಡು, ಕರಾವಳಿಯವರು ಮೂರಕ್ಕೆ ನಿಲ್ಲಿಸಿ. ಒದ್ದೆಯಾದ ಕೌದಿಯನ್ನು ಎತ್ತಿ ಹಗ್ಗಕ್ಕೆ ಹಾಕಬೇಕಾದವರು ನೀವೇ ಎಂಬುದು ನೆನಪಿರಲಿ.

2. ಬಟ್ಟೆ ಕೂಡಿಸುವುದು

ಮೊದಲ ಜಾಗ ನಿಮ್ಮದೇ ಕಪಾಟು. ಕಾಟನ್ ಸೀರೆ, ಪಂಚೆ, ಲುಂಗಿ, ಕಾಟನ್ ಲಂಗ, ನೈಟಿ, ಹಾಸಿಗೆಯ ಹಳೇ ಚಾದರ, ಮಕ್ಕಳ ಯೂನಿಫಾರಂ ಅಂಗಿ. ಆಮೇಲೆ ಅತ್ತೆ, ಅಕ್ಕ, ಪಕ್ಕದ ಮನೆ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬೀದಿಗೆ ಬರುತ್ತಾರಲ್ಲ, ಅವರೇ ನಿಮ್ಮ ದೊಡ್ಡ ಪೈಪೋಟಿ. ಓಣಿಯಲ್ಲಿ ಒಂದು ಮಾತು ಹೇಳಿಡಿ: ಜಾರ್ಜೆಟ್, ಸಿಂಥೆಟಿಕ್ ಎಲ್ಲ ಪಾತ್ರೆಗೆ ಹೋಗಲಿ, ಕಾಟನ್ ಮಾತ್ರ ನನಗೆ ಇರಲಿ.

ಎರಡನೆಯದು ಟೈಲರ್ ಅಂಗಡಿ. ಬ್ಲೌಸ್ ಹೊಲಿಯುವ ಕಡೆ ಅಸ್ತರಿನ ತುಂಡುಗಳು ದಿನವೂ ಬೀಳುತ್ತವೆ. ಅಸ್ತರ್ ಅಂದರೆ ಬ್ಲೌಸಿನ ಒಳಗೆ ಹಾಕುವ ತೆಳು ಕಾಟನ್, ಅಂದರೆ ಲೈನಿಂಗ್. ಬಣ್ಣಕ್ಕೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಹೋಗಿ ಸುಮ್ನೆ ಕೈ ಚಾಚಬೇಡಿ. ಒಂದು ಖಾಲಿ ಚೀಲ ಕೊಟ್ಟು, ವಾರಕ್ಕೊಮ್ಮೆ ಇಂಥ ದಿನ ಬರುತ್ತೇನೆ ಅನ್ನಿ, ಆ ದಿನವೇ ಹೋಗಿ. ದೀಪಾವಳಿ, ಯುಗಾದಿ ಮುಂದಿರುವಾಗ ಚೀಲ ಬೇಗ ತುಂಬುತ್ತದೆ. ಆದರೆ ಆಗ ಟೈಲರಿಗೆ ಮಾತಾಡುವ ಪುರುಸೊತ್ತಿರುವುದಿಲ್ಲ, ಚೀಲ ತೆಗೆದುಕೊಂಡು ಬಂದುಬಿಡಿ.

ಗಾರ್ಮೆಂಟ್ಸ್ ಇರುವ ಊರುಗಳಲ್ಲಿ ಚೂರು ಬಟ್ಟೆಯನ್ನು ಕೆಜಿ ಲೆಕ್ಕದಲ್ಲಿ ಮಾರುತ್ತಾರೆ. ಅಗ್ಗ ಅನಿಸುತ್ತದೆ. ಹುಷಾರು. ಮೂಟೆಯ ಮೇಲೆ ಒಳ್ಳೆ ಕಾಟನ್, ಒಳಗೆಲ್ಲ ಬನಿಯನ್ ಬಟ್ಟೆ ಇರುವುದುಂಟು. ಬನಿಯನ್, ಟೀ ಶರ್ಟಿನ ಬಟ್ಟೆ ಎಳೆದರೆ ಹಿಗ್ಗುತ್ತದೆ. ಅದನ್ನು ಸೀರೆಯ ಜೊತೆ ಹೊಲಿದರೆ ಕೌದಿ ಗಂಟುಗಂಟಾಗುತ್ತದೆ. ಬಳ್ಳಾರಿ ಜೀನ್ಸ್‌ಗೆ ಹೆಸರಾದ ಊರು, ಅಲ್ಲಿಯವರು ಜೀನ್ಸ್ ತುಂಡು ಹಾಕಬಹುದಾ ಎಂದು ಕೇಳುತ್ತಾರೆ. ಕೈ ಹೊಲಿಗೆಗೆ ಬೇಡ. ನಾಲ್ಕು ಸಾಲಿಗೆ ಬೆರಳು ಬಾತುಕೊಳ್ಳುತ್ತದೆ. ಅದರಿಂದ ಕಾಲೊರಸು ಮಾಡಿ.

ಇನ್ನೊಂದು ಮಾತು. ತೀರಿಕೊಂಡವರ ಸೀರೆ ಬಂದರೆ ಕತ್ತರಿ ಹಾಕುವ ಮೊದಲು ಆ ಮನೆಯವರನ್ನು ಕೇಳಿ. ಕೆಲವರಿಗೆ ಅಮ್ಮನ ಸೀರೆ ಕೌದಿಯಾಗಿ ಮನೆಗೇ ವಾಪಸ್ ಬರಬೇಕು ಅನ್ನುವ ಆಸೆ ಇರುತ್ತದೆ. ಕೆಲವರಿಗೆ ಅದು ಕಣ್ಣಿಗೆ ಬೀಳುವುದೇ ಬೇಡವಾಗಿರುತ್ತದೆ.

3. ಬಂದ ಬಟ್ಟೆಯನ್ನು ಪರೀಕ್ಷೆ ಮಾಡಿ

ಮೊದಲು ಬಿಸಿನೀರು. ಹೊರಗಿನಿಂದ ಬಂದ ಬಟ್ಟೆಯನ್ನು ಮನೆಯ ಹಾಸಿಗೆಯ ಹತ್ತಿರ ಇಡಲೇಬೇಡಿ. ತಿಗಣೆ ಬಂದರೆ ಉಳಿಸಿದ ದುಡ್ಡಿನ ಹತ್ತುಪಟ್ಟು ಹೋಗುತ್ತದೆ. ಕುದಿಯುವ ನೀರಲ್ಲಿ ನೆನೆಸಿ, ಒಗೆದು, ಗಟ್ಟಿ ಬಿಸಿಲಿಗೆ ಹಾಕಿ. ಬಣ್ಣ ಬಿಡುವಂಥದ್ದನ್ನು ಬೇರೆ ಬಕೆಟ್ಟಿನಲ್ಲಿ ನೆನೆಸಿ.

ಆಮೇಲೆ ಕಾಟನ್ ಹೌದೋ ಅಲ್ಲವೋ ನೋಡಬೇಕು. ಅಂಚಿನಿಂದ ನಾಲ್ಕು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ನೀರಿನ ಬೋಗುಣಿಯ ಮೇಲೆ ಕಡ್ಡಿ ಗೀರಿ. ಕಾಗದ ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಕಾಟನ್. ಕರಗಿ ಗಟ್ಟಿ ಮಣಿಯಂತಾದರೆ ಪಾಲಿಯೆಸ್ಟರ್ ಇದೆ ಎಂದು ಅರ್ಥ. ಬೆರೆಕೆ ಇದ್ದರೆ ಎರಡೂ ಕಾಣುತ್ತದೆ. ಅದನ್ನು ನಡುವಿನ ಪದರಕ್ಕೆ ಇಡಬಹುದು. ಮೈಗೆ ತಾಗುವ ಪದರಕ್ಕೆ ಬೇಡ, ಬೆವರು ಹೀರುವುದಿಲ್ಲ.

ಮೂರನೆಯದು ಬಣ್ಣದ ಪರೀಕ್ಷೆ. ಬಿಳಿ ಬಟ್ಟೆಯನ್ನು ಒದ್ದೆ ಮಾಡಿ, ಅನುಮಾನದ ತುಂಡಿನ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿಗೆ ಬಣ್ಣ ಹತ್ತಿದರೆ ಆ ತುಂಡು ಬೇಡ. ಉಪ್ಪುನೀರಲ್ಲಿ ಹಾಕಿದರೆ ನಿಲ್ಲುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನೂ ನಂಬಿ ಒಂದು ಕೆಂಪು ಖಣದ ತುಂಡನ್ನು ಉಪ್ಪಲ್ಲಿ ನೆನೆಸಿ ಹಾಕಿದ್ದೆ. ಮೊದಲ ಒಗೆತಕ್ಕೇ ಸುತ್ತಲಿನ ಬಿಳಿ ತುಣುಕುಗಳೆಲ್ಲ ಗುಲಾಬಿ. ಈಗ ಇಸ್ತ್ರಿಯನ್ನು ಮಾತ್ರ ನಂಬುತ್ತೇನೆ.

ಇಳಕಲ್ ಸೀರೆ ಸಿಕ್ಕವರಿಗೆ ಒಂದು ಕಿವಿಮಾತು. ಅದರ ಮೈ ಮತ್ತು ಸೆರಗಿಗೆ ಉದ್ದದ ಎಳೆಗಳು ಬೇರೆಬೇರೆ, ಅವನ್ನು ಕೊಂಡಿ ಹಾಕಿ ಕೂಡಿಸಿ ನೇಯ್ದಿರುತ್ತಾರೆ. ಹಳೆಯದಾದಾಗ ಆ ಕೂಡು ಜಾಗವೇ ಮೊದಲು ಸಡಿಲವಾಗುವುದುಂಟು. ಅಲ್ಲಿಗೇ ಕತ್ತರಿಸಿ. ಕಾಟನ್ ಮೈ ಕೌದಿಯ ಕೆಳಪದರಕ್ಕೆ ಬಹಳ ಒಳ್ಳೆಯದು. ನುಣುಪಾದ ಸೆರಗನ್ನು ಅಂಚಿನ ಪಟ್ಟಿಗೆ ಎತ್ತಿಡಿ. ಜರಿ ಇರುವ ರೇಷ್ಮೆ ಸೀರೆಯನ್ನು ಮಾತ್ರ ಕತ್ತರಿಸುವ ಅವಸರ ಬೇಡ. ಹಳೇ ಅಸಲಿ ಜರಿಯನ್ನು ಕೊಳ್ಳುವವರಿದ್ದಾರೆ. ಎರಡು ಮೂರು ಕಡೆ ಬೆಲೆ ಕೇಳಿ. ಆ ದುಡ್ಡಿನಲ್ಲೇ ನಿಮ್ಮ ದಾರ ಬಂದರೂ ಬರಬಹುದು.

4. ದಾರ ಮತ್ತು ಸೂಜಿ: ದುಡ್ಡು ಹಾಕಬೇಕಾದ ಜಾಗ

ಒಂದು ಇಂಚಿಗೊಂದು ಸಾಲು ಹೊಲಿದರೆ 5 ಅಡಿ ಅಗಲಕ್ಕೆ 60 ಸಾಲು. ಒಂದೊಂದು ಸಾಲು 7 ಅಡಿ. ಒಟ್ಟು 420 ಅಡಿ, ಅಂದರೆ ಸುಮಾರು 128 ಮೀಟರ್. ದಾರ ಮೇಲೆ ಕೆಳಗೆ ಹೋಗಿ ಬರುವುದಕ್ಕೆ, ಗಂಟಿಗೆ, ಉಳಿಯುವ ತುದಿಗೆ ಕೂಡಿಸಿ 160 ಅನ್ನಿ. ತೆಳು ದಾರವನ್ನು ಎರಡೆಳೆ ಮಾಡಿದರೆ 320. ತುಣುಕುಗಳ ಅಂಚಿಗೆ ಇನ್ನಷ್ಟು ಹೋಗುತ್ತದೆ. ಒಂದು ಕೌದಿಗೆ 400 ಮೀಟರ್ ಇಟ್ಟುಕೊಂಡರೆ ನಡುವೆ ಅಂಗಡಿಗೆ ಓಡುವುದು ತಪ್ಪುತ್ತದೆ. ಅರ್ಧ ಇಂಚಿಗೊಂದು ಸಾಲು ಹೊಲಿಯುವ ಆಸೆ ಇದ್ದರೆ ಹೆಚ್ಚುಕಮ್ಮಿ ದುಪ್ಪಟ್ಟು.

ಇಷ್ಟು ದಾರವನ್ನು ಚಿಕ್ಕ ರೀಲಿನಲ್ಲಿ ಕೊಂಡರೆ ದುಬಾರಿ. ಕೋನ್ ಕೊಳ್ಳಿ. ಕೋನ್ ಅಂದರೆ ಟೈಲರ್‌ಗಳು, ಕಾರ್ಖಾನೆಯವರು ಬಳಸುವ ಶಂಕುವಿನಾಕಾರದ ದೊಡ್ಡ ಉಂಡೆ. ಮೀಟರಿನ ಲೆಕ್ಕದಲ್ಲಿ ಅಗ್ಗ ಬೀಳುತ್ತದೆ. ಹುಬ್ಬಳ್ಳಿಯ ದುರ್ಗದ ಬೈಲು, ಬೆಂಗಳೂರಿನ ಚಿಕ್ಕಪೇಟೆಯಂಥ ಕಡೆ ಸಗಟು ಅಂಗಡಿಗಳಲ್ಲಿ ವಿಚಾರಿಸಿ. ಒಬ್ಬರಿಗೆ ಇದು ಜಾಸ್ತಿ, ನಾಲ್ವರಿಗೆ ಸರಿ. ಹಂಚಿಕೊಳ್ಳುವಾಗ ರಟ್ಟಿನ ತುಂಡಿಗೆ ಸುತ್ತಿ, ಮೀಟರ್ ಬರೆದು ಕೊಡಿ.

ಕೊಳ್ಳುವಾಗ ಒಂದು ಮೊಳ ಎಳೆದು ಜಗ್ಗಿ ನೋಡಿ. ಅಂಗಡಿಯಲ್ಲಿ ವರ್ಷಗಟ್ಟಲೆ ಬಿಸಿಲಿಗೆ ಕೂತ ದಾರ ಪಟ್ಟನೆ ತುಂಡಾಗುತ್ತದೆ. ಕಾಟನ್ ದಾರವನ್ನೇ ಕೇಳಿ. ಪಾಲಿಯೆಸ್ಟರ್ ದಾರ ಗಟ್ಟಿ, ನಿಜ. ಆದರೆ ಸವೆದ ಸೀರೆಗೆ ಅದು ಜಾಸ್ತಿ ಗಟ್ಟಿ. ಒಗೆದು ಒಗೆದು ಕೊನೆಗೆ ದಾರ ಉಳಿದು ಬಟ್ಟೆ ಕತ್ತರಿಸಿಹೋಗಬಹುದು. ತೀರಾ ದಪ್ಪ ದಾರದ್ದೂ ಅದೇ ಕಥೆ. ದಾರ ಸಿಕ್ಕು ಬೀಳುತ್ತಿದ್ದರೆ ಜೇನುಮೇಣದ ಚೂರಿನ ಮೇಲೆ ಒಮ್ಮೆ ಎಳೆಯಿರಿ. ಒಂದು ಸಲಕ್ಕೆ ಕೈಯಳತೆಗಿಂತ ಉದ್ದ ಪೋಣಿಸಬೇಡಿ. ಪದೇಪದೇ ಪೋಣಿಸುವ ಸೋಮಾರಿತನಕ್ಕೆ ಎರಡು ಮಾರು ದಾರ ಹಾಕಿಕೊಂಡವರು ಅದನ್ನು ಬಿಡಿಸುತ್ತಲೇ ಕೂರುತ್ತಾರೆ.

ಸೂಜಿ ಉದ್ದ ಇರಲಿ, ದಬ್ಬಣ ಬೇಡ. ದಬ್ಬಣ ಚೀಲ ಹೊಲಿಯಲು ಸರಿ, ಹಳೇ ಸೀರೆಯಲ್ಲಿ ತೂತು ಬಿಡುತ್ತದೆ. ಮಳೆಗಾಲದಲ್ಲಿ ಸೂಜಿಗೆ ತುಕ್ಕು ಹಿಡಿಯದಂತೆ ಡಬ್ಬಿಯಲ್ಲಿ ಒಂದು ಸೀಮೆಸುಣ್ಣದ ತುಂಡು ಹಾಕಿಡಿ, ತೇವ ಹೀರುತ್ತದೆ. ಸೂಜಿ ತಳ್ಳುವ ಬೆರಳಿಗೆ ಅಂಗುಸ್ತಾನ, ಅಂದರೆ ಲೋಹದ ಪುಟ್ಟ ಟೊಪ್ಪಿಗೆ, ಒಂದಿರಲಿ. ಇಲ್ಲದಿದ್ದರೆ ಚರ್ಮದ ಹಳೇ ಪರ್ಸಿನ ತುಂಡನ್ನು ಬೆರಳಿಗೆ ಸುತ್ತಿ ಹೊಲಿದುಕೊಳ್ಳಿ.

ಗೆರೆ ಹಾಕಲು ಮಾರ್ಕರ್ ಪೆನ್ನು ಬೇಡ. ತೆಳ್ಳಗಾಗಿ ಬಿಸಾಡುವ ಸೋಪಿನ ಚೂರನ್ನು ಒಣಗಿಸಿ. ಬಣ್ಣದ ಬಟ್ಟೆಯ ಮೇಲೆ ಬಿಳಿ ಗೆರೆ ಚೆನ್ನಾಗಿ ಮೂಡುತ್ತದೆ, ಒಗೆದರೆ ಹೋಗುತ್ತದೆ. ಉದ್ದ ಗೆರೆಗೆ ಸೀಮೆಸುಣ್ಣದ ಪುಡಿ ಸವರಿದ ದಾರವನ್ನು ಇಬ್ಬರು ಎರಡು ತುದಿಯಲ್ಲಿ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಟ್ಟರೆ ಆಯಿತು. ಬಡಗಿಗಳು ಮರಕ್ಕೆ ಗೆರೆ ಹಾಕುವುದು ಹೀಗೆಯೇ.

5. ಯಾವುದನ್ನು ಹಂಚಿಕೊಳ್ಳಬೇಕು, ಯಾವುದನ್ನು ಬಾರದು

ಹೊಲಿಗೆ ಮಷಿನ್, ಇಸ್ತ್ರಿ ಪೆಟ್ಟಿಗೆ, ದೊಡ್ಡ ಕತ್ತರಿ, ಅಳತೆ ಟೇಪು, ದಾರದ ಕೋನ್, ಜೇನುಮೇಣ: ಇವು ಐದಾರು ಮನೆಗೆ ಒಂದೊಂದು ಇದ್ದರೆ ಸಾಕು. ಮಷಿನ್ ಬೇಕಾಗುವುದು ಸೀರೆಯ ತುಂಡುಗಳನ್ನು ಕೂಡಿಸಿ ಪದರ ಮಾಡಲು ಮಾತ್ರ. ಆ ಕೆಲಸ ಅರ್ಧ ತಾಸಿನದ್ದು. ಅದಕ್ಕಾಗಿ ಸಾಲ ಮಾಡಬೇಡಿ.

ಸೂಜಿ ಮತ್ತು ಅಂಗುಸ್ತಾನ ಅವರವರದ್ದೇ ಇರಲಿ. ಸೂಜಿ ಚುಚ್ಚಿ ರಕ್ತ ಬರುವುದು ಮಾಮೂಲು, ಒಬ್ಬರದ್ದು ಇನ್ನೊಬ್ಬರಿಗೆ ಬೇಡ. ಕೂತಾಗ, ಏಳುವಾಗ ಸೂಜಿ ಎಣಿಸುವ ರೂಢಿ ಇಟ್ಟುಕೊಳ್ಳಿ. ಎಂಟು ತಂದಿದ್ದರೆ ಎಂಟೂ ಡಬ್ಬಿಗೆ ಬರುವವರೆಗೆ ಕೌದಿ ಮಡಚಬಾರದು.

ಜಗಳವೆಲ್ಲ ಶುರುವಾಗುವುದು ಕತ್ತರಿಯಿಂದ. ಯಾರೋ ಅದರಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸುತ್ತಾರೆ, ಮಕ್ಕಳು ಪ್ರಾಜೆಕ್ಟಿಗೆ ರಟ್ಟು ಕತ್ತರಿಸುತ್ತಾರೆ, ಮುಂದಿನ ವಾರ ಬಟ್ಟೆ ಜಗಿದಂತಾಗುತ್ತದೆ. ಹಿಡಿಗೆ ಕೆಂಪು ಬಟ್ಟೆ ಕಟ್ಟಿ, ಇದು ಬಟ್ಟೆಗೆ ಮಾತ್ರ ಎಂದು ಹೇಳಿಡಿ. ಸಾಣೆ ಹಿಡಿಯುವವರು ಬಂದಾಗ ಅದರ ಖರ್ಚು ಎಲ್ಲರದ್ದು.

6. ಕೌದಿ ಚೀಟಿ ಕಟ್ಟಿ

ಚೀಟಿ ಹಾಕುವುದು ಎಲ್ಲರಿಗೂ ಗೊತ್ತು. ಅದನ್ನೇ ದುಡ್ಡಿನ ಬದಲು ಕೌದಿಗೆ ಮಾಡಿ. ಆರು ಜನ ಸೇರಿ. ಒಂದು ತಿಂಗಳಿಗೆ ಒಬ್ಬರ ಕೌದಿ, ಆರು ತಿಂಗಳಿಗೆ ಆರು ಕೌದಿ. ಯಾರದ್ದು ಮೊದಲು ಎಂದು ಹೆಸರು ಬರೆದು ಎತ್ತಿ. ಯಾರ ಮನೆಯಲ್ಲಾದರೂ ಬಾಣಂತನ ಇದ್ದರೆ ಅವರಿಗೆ ಮೊದಲು ಕೊಟ್ಟುಬಿಡಿ, ಅಲ್ಲಿ ಲಾಟರಿ ಬೇಡ.

ಪದರದ ಸೀರೆ ಯಾರ ಕೌದಿಯೋ ಅವರೇ ತರಬೇಕು. ಮೇಲಿನ ತುಣುಕು ಮಾತ್ರ ಎಲ್ಲರದ್ದೂ ಒಂದೇ ಮೂಟೆ. ಬಣ್ಣ ಬಣ್ಣದ ಕೌದಿ ಆಗುವುದು ಆರು ಮನೆಯ ತುಣುಕು ಸೇರಿದಾಗಲೇ. ದಾರಕ್ಕೆ ತಿಂಗಳಿಗೆ ಇಷ್ಟು ಎಂದು ಎಲ್ಲರೂ ಸಮ ಹಾಕಿ. ಒಂದು ನೋಟ್‌ಬುಕ್ಕಿನಲ್ಲಿ ಯಾರು ಎಷ್ಟು ಕೊಟ್ಟರು, ಕೋನ್‌ಗೆ ಎಷ್ಟಾಯಿತು, ಕತ್ತರಿ ಯಾರ ಮನೆಯಲ್ಲಿದೆ ಎಂದು ಬರೆದಿಡಿ. ನಾವು ನಾವೇ ತಾನೆ, ಬರೆಯುವುದೇಕೆ ಅನಿಸುತ್ತದೆ. ಅದಕ್ಕೇ ಬರೆಯಬೇಕು.

ಈ ಚೀಟಿ ಮುರಿಯುವುದು ಒಂದೇ ಕಾರಣಕ್ಕೆ: ಮೊದಲು ಕೌದಿ ಸಿಕ್ಕವರು ಮೂರನೇ ತಿಂಗಳಿಗೆ ಬರುವುದು ನಿಲ್ಲಿಸುತ್ತಾರೆ. ಬೈದು ಪ್ರಯೋಜನವಿಲ್ಲ. ಶುರುವಿನಲ್ಲೇ ಎಲ್ಲರಿಂದ ಒಂದು ಮುಂಗಡ ಇಸಿದುಕೊಳ್ಳಿ, ಇನ್ನೂರು ರೂಪಾಯಿ ಅನ್ನಿ. ಆರನೇ ಕೌದಿ ಮುಗಿದ ದಿನ ವಾಪಸ್. ನಡುವೆ ಬಿಟ್ಟವರದ್ದು ದಾರದ ಡಬ್ಬಿಗೆ. ಕೈ ನೋವು, ಕಣ್ಣಿನ ತೊಂದರೆ ಇರುವವರನ್ನು ಹೊರಗಿಡಬೇಡಿ. ಸೂಜಿಗೆ ದಾರ ಪೋಣಿಸಿ ಕೊಡಲು, ತುಣುಕು ವಿಂಗಡಿಸಲು, ಚಹಾ ಮಾಡಲು ಒಬ್ಬರು ಬೇಕೇ ಬೇಕು.

ಕೂರಲು ಜಾಗ? 5 ಅಡಿ ಕೌದಿಯ ಸುತ್ತ ಆರು ಜನ ಕೂರುವ ನೆಲ ಬಾಡಿಗೆ ಮನೆಗಳಲ್ಲಿ ಇರುವುದಿಲ್ಲ. ಗುಡಿಯ ಪಡಸಾಲೆ, ಸಮುದಾಯ ಭವನ, ಅಪಾರ್ಟ್‌ಮೆಂಟಿನ ಟೆರೇಸು ಕೇಳಿ ನೋಡಿ. ಸ್ತ್ರೀಶಕ್ತಿ ಸಂಘದಲ್ಲಿದ್ದರೆ ಸಭೆಯ ದಿನವೇ ಕೌದಿ ಹಾಸಿಕೊಂಡು ಕೂರಬಹುದು.

7. ಹಾಸಿ, ಹಿಡಿದು, ಹೊಲಿಯಿರಿ

ಎಲ್ಲಕ್ಕಿಂತ ಗಟ್ಟಿ ಸೀರೆಯನ್ನು ಕೆಳಗೆ ಹಾಸಿ, ಸವೆಯುವುದು ಅದೇ. ಸವೆದದ್ದು ನಡುವೆ. ಪ್ರತಿ ಪದರವನ್ನೂ ಕೈಯಿಂದ ಸವರಿ ಸುಕ್ಕು ತೆಗೆಯಿರಿ, ಜಗ್ಗಬೇಡಿ. ಈಗ ಕಚ್ಚಾ ಹೊಲಿಗೆ. ಅಂದರೆ ಪದರ ಜಾರದಂತೆ ತಾತ್ಕಾಲಿಕವಾಗಿ ಹಾಕುವ ದೊಡ್ಡ ದೊಡ್ಡ ಹೊಲಿಗೆ, ಕೊನೆಗೆ ಬಿಚ್ಚಿಬಿಡುತ್ತೇವೆ. ನಡುವಿನಿಂದ ಅಂಚಿನ ಕಡೆಗೆ, ಗೇಣಿಗೊಂದು ಸಾಲು. ಹೊಸಬರು ಇದನ್ನು ಹಾರಿಸುತ್ತಾರೆ. ಆರು ಜನ ಆರು ದಿಕ್ಕಿನಿಂದ ಹೊಲಿದಾಗ ನಡುವೆ ಒಂದು ಗುಡ್ಡ ಏಳುತ್ತದೆ, ಅದನ್ನು ಸರಿಮಾಡಲು ಬಿಚ್ಚುವುದೊಂದೇ ದಾರಿ. ಕಚ್ಚಾ ಹೊಲಿಗೆಗೆ ಒಳ್ಳೆ ದಾರ ಬೇಡ, ಉಳಿದ ಬಣ್ಣಬಣ್ಣದ ತುದಿಗಳನ್ನು ಬಳಸಿ.

ತುಣುಕುಗಳನ್ನು ಮೊದಲೇ ಒಂದಕ್ಕೊಂದು ಕೂಡಿಸಿ ಹಾಳೆ ಮಾಡಿಕೊಳ್ಳಬೇಕಿಲ್ಲ. ಸಿದ್ದಿ ಹೆಂಗಸರು ಮಾಡುವುದನ್ನು ನೋಡಿ ಕಲಿಯಿರಿ. ಅವರು ಅಂಚಿನಿಂದ ಶುರು ಮಾಡಿ, ತುಣುಕಿನ ಅಂಚನ್ನು ಬೆರಳಲ್ಲೇ ಮಡಚುತ್ತಾ, ಎಲ್ಲ ಪದರಕ್ಕೂ ಸೇರಿಸಿ ಹೊಲಿಯುತ್ತಾ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಜೋಡಿಸುವ ಹೊಲಿಗೆ, ಪದರ ಹಿಡಿಯುವ ಹೊಲಿಗೆ ಎರಡೂ ಒಂದೇ ಆಗುವುದರಿಂದ ದಾರವೂ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ. ಇಸ್ತ್ರಿಯೂ ಬೇಡ, ಅಳತೆ ಪಟ್ಟಿಯೂ ಬೇಡ. ಕೊನೆಗೆ ನಾಲ್ಕು ಮೂಲೆಗೆ ಮಡಚಿದ ಪುಟ್ಟ ತ್ರಿಕೋನಗಳನ್ನು ಇಡುತ್ತಾರೆ, ಅದಕ್ಕೆ ಫೂಲ ಅನ್ನುತ್ತಾರೆ. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬರಿಮೈಯಲ್ಲಿ ನಿಂತ ಹಾಗೆ.

ಹೊಲಿಗೆ ಯಾವುದು ಎಂದು ಕೇಳಿದರೆ, ಒಂದೇ: ಸೂಜಿ ಮೇಲೆ ಕೆಳಗೆ ಓಡಿಸುವ ರನ್ನಿಂಗ್ ಸ್ಟಿಚ್. ನನಗೆ 7 ಅಡಿಯ ಒಂದು ಸಾಲಿಗೆ ಇಪ್ಪತ್ತು ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. 60 ಸಾಲಿಗೆ 20ರಿಂದ 25 ತಾಸು, ತುಣುಕಿನ ಕೆಲಸ ಬೇರೆ. ಕೌದಿ ಮಾರುವ ಯೋಚನೆ ಇರುವವರು ಬೆಲೆ ಹೇಳುವ ಮೊದಲು ಈ ತಾಸುಗಳನ್ನು ಎಣಿಸಿ. ಹಳೇ ಬಟ್ಟೆ ತಾನೆ ಎಂದು ಚೌಕಾಸಿ ಮಾಡುವವರ ಮುಂದೆ ಈ ಲೆಕ್ಕ ಇಡಿ. ಮನೆ ಬಾಗಿಲಿಗೆ ಬಂದು ಕೌದಿ ಹೊಲಿದುಕೊಡುವ ಹೆಂಗಸರ ಕೂಲಿಗೆ ಚೌಕಾಸಿ ಮಾಡುವಾಗಲೂ ಅದೇ ಲೆಕ್ಕ.

8. ಮೊದಲ ಒಗೆತ ಮತ್ತು ಉಳಿದ ಚೂರು

ಮೊದಲ ಸಲ ತಣ್ಣೀರಲ್ಲಿ, ಬೇರೆ ಬಟ್ಟೆ ಸೇರಿಸದೆ ಒಗೆಯಿರಿ. ಹಿಂಡಬೇಡಿ, ಸಾಲು ಕಿತ್ತುಬರುತ್ತದೆ. ಕಲ್ಲಿನ ಮೇಲೆ ಮಡಚಿಟ್ಟು ನೀರು ಬಸಿಯಲು ಬಿಡಿ, ಆಮೇಲೆ ಎರಡು ಹಗ್ಗದ ಮೇಲೆ ಭಾರ ಹಂಚಿ ಹಾಕಿ. ಎತ್ತಿಡುವಾಗ ಒಣಗಿದ ಬೇವಿನ ಎಲೆ ಸಾಕು. ಕೂಸಿನ ಕೌದಿಗೆ ನುಸಿಗುಳಿಗೆ ಹಾಕಲೇಬೇಡಿ. ಅದರಲ್ಲಿರುವ ನ್ಯಾಫ್ತಲಿನ್ ಕೆಲವು ಎಳೆ ಮಕ್ಕಳಲ್ಲಿ ರಕ್ತದ ಕಣಗಳನ್ನು ಒಡೆದು ಕಾಮಾಲೆ ತರುತ್ತದೆ.

ಮೂಟೆಯಲ್ಲಿ ಉಳಿದದ್ದರಲ್ಲಿ ಅಂಗೈಗಿಂತ ದೊಡ್ಡದು ಮುಂದಿನ ಕೌದಿಗೆ. ಎರಡು ಬೆರಳಗಲದ್ದು ಪಾತ್ರೆ ಇಳಿಸುವ ಹಿಡಿಬಟ್ಟೆಗೆ. ಅದಕ್ಕಿಂತ ಚಿಕ್ಕದನ್ನು ದಿಂಬಿನೊಳಗೆ ತುರುಕಿ. ಬರೀ ಚೂರಿನ ದಿಂಬು ಕಲ್ಲಿನಂತಾಗುತ್ತದೆ, ಅರ್ಧ ಹಳೇ ಹತ್ತಿ ಸೇರಿಸಿ.